ಹೊಸ್ತಿಲಾಚೆ ಒಂದು ಕುರ್ಚಿ

ಮುನಿಸಿಕೊಳ್ಳುವುದರಲ್ಲಿ ಮೆಹರುನ್ನೀಸಾಳನ್ನು ಮೀರಿಸುವವರು ರಸೆಲ್ ಮಾರುಕಟ್ಟೆಯ ಹಿಂದಿನ ನಮ್ಮ ಗಲ್ಲಿಯಲ್ಲಿ ಯಾರೂ ಇಲ್ಲ. ಬರೀ ಮೂಳೆ ಕಟ್ಟಿಕೊಟ್ಟ ಎಂದು ಒಬ್ಬ ಮಾಂಸದಂಗಡಿಯವನ ಮೇಲೆ ಮುನಿದವಳು, ಅವನು ಸತ್ತು ಅವನ ಮಗ ಅಂಗಡಿಯಲ್ಲಿ ಕೂತ ಮೇಲೂ ಅತ್ತ ಕಾಲಿಟ್ಟಿಲ್ಲ. ಹಾಗೆಂದು ಕೆಟ್ಟವಳಲ್ಲ. ಯಾರ ಮನೆಯಲ್ಲಿ ಬಾಣಂತಿಯಿದ್ದರೂ ಮೊದಲು ಸಾರು ಹೊತ್ತುಕೊಂಡು ಹೋಗುವವಳು ಅವಳೇ. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಂದ ಬರುವ ಸೀರೆಗಳಿಗೆ ಪಿಕೋ ಹೊಡೆದು ಫಾಲ್ ಹಚ್ಚಿಕೊಡುವುದು ಅವಳ ಕೆಲಸ. ಮೊದಲನೇ ಮಹಡಿಯ ಕಿಟಕಿಯ ಪಕ್ಕ ಅವಳ ಹೊಲಿಗೆ ಮಿಷನ್ನು, ಮಿಷನ್ನಿನ ಮೇಲೆ ಒಂದು ಪುಟ್ಟ ಲೈಟು. ಸೂರ್ಯನಿಗೆ ನಮ್ಮ ಗಲ್ಲಿಯ ವಿಳಾಸ ಸರಿಯಾಗಿ ಗೊತ್ತಿಲ್ಲದ ಕಾರಣ ಹಗಲಲ್ಲೂ ಆ ಲೈಟು ಬೇಕು. ಮನೆಯಿಂದ ಹೊರಗೆ ಹೊರಟರೆ ಮರೆಯದೆ ಅದನ್ನು ಆರಿಸಿ ಹೋಗುತ್ತಾಳೆ. ಕಿಟಕಿಯಲ್ಲಿ ಬೆಳಕಿದ್ದರೆ ಮೆಹರುನ್ನೀಸಾ ಮನೆಯಲ್ಲಿದ್ದಾಳೆ ಎಂದೇ ಲೆಕ್ಕ. ಇದು ಅವಳ ಬಳಗಕ್ಕೆಲ್ಲ ಗೊತ್ತು.

ಅವಳ ಮುನಿಸುಗಳಲ್ಲೆಲ್ಲ ದೊಡ್ಡದು ಸ್ವಂತ ಅಕ್ಕ ಹಮೀದಾಳ ಮೇಲಿನದು. ಹಮೀದಾ ಇರುವುದು ಹಲಸೂರಿನಲ್ಲಿ. ತಾಯಿ ಬೇಗ ತೀರಿಕೊಂಡದ್ದರಿಂದ ತಂಗಿಗೆ ತಲೆ ಬಾಚಿದವಳು, ಕುರಾನು ಓದಲು ಕೂರಿಸಿದವಳು, ಮದುವೆಯಲ್ಲಿ ತಾಯಿಯ ಜಾಗದಲ್ಲಿ ನಿಂತು ಅತ್ತವಳು ಅವಳೇ. ಆ ಅಕ್ಕನ ಮಗ ಮುಜೀಬನಿಗೆ ತನ್ನ ಮಗಳು ಫಹ್ಮಿದಾಳನ್ನು ಕೊಡುವುದೆಂದು ಮೆಹರುನ್ನೀಸಾ ಮಗಳು ತೊಟ್ಟಿಲಲ್ಲಿದ್ದಾಗಲೇ ತೀರ್ಮಾನಿಸಿದ್ದಳು. ತೀರ್ಮಾನವನ್ನು ನೆರೆಹೊರೆಯವರಿಗೆಲ್ಲ ಹೇಳಿದ್ದಳು. ಹೇಳದೆ ಬಿಟ್ಟದ್ದು ಅಕ್ಕನಿಗೊಬ್ಬಳಿಗೆ. ಅಕ್ಕನಿಗೆ ಏನು ಹೇಳುವುದು, ಅವಳಿಗೆ ಗೊತ್ತಾಗುವುದಿಲ್ಲವೇ ಎಂದು ಅವಳ ಎಣಿಕೆ. ಅಕ್ಕನಿಗೆ ಗೊತ್ತಾಗಲಿಲ್ಲ. ಕೋಲಾರದ ಉಮ್ಮೆ ಕುಲ್ಸುಂ ಎಂಬ ಹುಡುಗಿಯನ್ನು ಮುಜೀಬನಿಗೆ ತಂದುಕೊಂಡಳು.

ಆ ಮದುವೆಗೆ ಮೆಹರುನ್ನೀಸಾ ಹೋದಳು, ತಟ್ಟೆಯ ಮುಂದೆ ಕೂತಳು, ಒಂದು ತುತ್ತೂ ಮುಟ್ಟದೆ ಎದ್ದು ಬಂದಳು. ಮಾತು ಅಲ್ಲಿಗೆ ನಿಂತಿತು. ಇಂದಿರಾನಗರದ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಫಹ್ಮಿದಾ, ಮುಜೀಬ್ ಭಾಯಿ ತನಗೆ ಅಣ್ಣನಿದ್ದ ಹಾಗೆ, ಕೇಳಿದ್ದರೆ ತಾನೇ ಬೇಡ ಎನ್ನುತ್ತಿದ್ದೆ ಎಂದು ನಕ್ಕುಬಿಟ್ಟಳು. ಮುನಿಸಿಗೆ ಇದ್ದ ಒಂದೇ ಕಾರಣವೂ ಹೀಗೆ ಬಿದ್ದುಹೋಯಿತು. ಆದರೆ ಮೆಹರುನ್ನೀಸಾಳ ಮುನಿಸಿಗೆ ಕಾರಣ ಬೇಕಾಗುವುದು ಹುಟ್ಟುವಾಗ ಮಾತ್ರ, ಬೆಳೆಯುವುದಕ್ಕೆ ಏನೂ ಬೇಕಾಗುವುದಿಲ್ಲ.

ಈ ವರ್ಷ ಹಮೀದಾಳಿಗೂ ಅವಳ ಗಂಡನಿಗೂ ಹಜ್ಜಿನ ಯೋಗ ಕೂಡಿಬಂತು. ಹಜ್ಜಿಗೆ ಹೊರಡುವವರು ಮೊದಲು ನೆಂಟರಿಷ್ಟರ ಮನೆಮನೆಗೆ ಹೋಗಿ ಕ್ಷಮೆ ಕೇಳಬೇಕು. ಕಹಾ ಸುನಾ ಮಾಫ್ ಎನ್ನುತ್ತಾರೆ. ಆಡಿದ್ದು, ಕೇಳಿದ್ದು, ನೋಯಿಸಿದ್ದು ಎಲ್ಲವನ್ನೂ ಮನ್ನಿಸಿಬಿಡಿ ಎಂದು ಅದರ ಅರ್ಥ. ಮನುಷ್ಯರ ಋಣ ಮನುಷ್ಯರೇ ಬಿಡಬೇಕು, ಅದನ್ನು ದೇವರು ತನ್ನ ಕೈಗೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಅಕ್ಕ ತನ್ನ ಮನೆಗೂ ಬಂದೇ ಬರುತ್ತಾಳೆಂದು ಮೆಹರುನ್ನೀಸಾಳಿಗೆ ಗೊತ್ತಿತ್ತು. ಬಂದಾಗ ಏನೇನು ಕೇಳಬೇಕು, ಎಷ್ಟು ಹೊತ್ತು ಬಿಗಿದುಕೊಂಡಿರಬೇಕು, ಯಾವಾಗ ಕಣ್ಣೀರು ಹಾಕಬೇಕು ಎಲ್ಲವನ್ನೂ ಫಾಲ್ ಹಚ್ಚುತ್ತಲೇ ಯೋಚಿಸಿಟ್ಟುಕೊಂಡಿದ್ದಳು.

ಬಂದ ದಿನ ಮಾತ್ರ ಆದದ್ದೇ ಬೇರೆ. ಕಿಟಕಿಯಿಂದ ನೋಡಿದರೆ ಗಲ್ಲಿಯ ತಿರುವಿನಲ್ಲಿ ಅಕ್ಕ. ಮಂಡಿ ನೋವಿನವಳು, ನಾಲ್ಕು ಹೆಜ್ಜೆಗೊಮ್ಮೆ ಗೋಡೆ ಹಿಡಿದು ನಿಲ್ಲುತ್ತ ಬರುತ್ತಿದ್ದಾಳೆ. ಮೆಹರುನ್ನೀಸಾಳಿಗೆ ಯೋಚಿಸಿಟ್ಟ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಹೊಲಿಯುತ್ತಿದ್ದ ಸೀರೆಯನ್ನು ಸೂಜಿಯಡಿಯಲ್ಲೇ ಬಿಟ್ಟು ಎದ್ದಳು. ಅಮ್ಮಿ ಇಲ್ಲ ಅನ್ನು ಎಂದು ಮಗಳಿಗೆ ಹೇಳಿ, ಅಡುಗೆಮನೆಯ ಪರದೆಯ ಹಿಂದೆ ಹೋಗಿ ನಿಂತುಬಿಟ್ಟಳು. ಕುಕ್ಕರ್ ಕೂಗೀತೆಂದು ಒಲೆಯನ್ನೂ ಆರಿಸಿದಳು. ಐವತ್ತು ದಾಟಿದ ಹೆಂಗಸು ಕಣ್ಣಾಮುಚ್ಚಾಲೆ ಆಡುವ ಮಗುವಿನಂತೆ ಉಸಿರು ಬಿಗಿಹಿಡಿದು ನಿಂತದ್ದನ್ನು ಕಂಡು ಫಹ್ಮಿದಾಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಹಮೀದಾ ಬಂದಳು, ಕೂತಳು, ನೀರು ಕುಡಿದಳು. ಅಮ್ಮಿ ಎಲ್ಲಿ ಎಂದಳು. ಫಹ್ಮಿದಾ ನೆಲ ನೋಡುತ್ತ, ಇಲ್ಲ ಖಾಲಾ, ಹೊರಗೆ ಹೋಗಿದ್ದಾರೆ ಎಂದಳು. ಹಮೀದಾ ಎದ್ದು ಕಿಟಕಿಯ ತನಕ ಹೋಗಿ ಬಂದಳು. ಆಮೇಲೆ ಅವಳ ದನಿ ಪರದೆಯ ಹಿಂದಕ್ಕೂ ಸ್ಪಷ್ಟವಾಗಿ ಕೇಳಿಸಿತು.

“ಬಂದ್ಮೇಲೆ ಹೇಳು ಬೇಟಾ. ಗೊತ್ತಿದ್ದೋ ಗೊತ್ತಿಲ್ದೆನೋ ನಾನು ಅವಳ ಮನಸ್ಸು ನೋಯಿಸಿದ್ದೀನಿ. ಮಾಫ್ ಮಾಡು ಅಂತ ಕೇಳ್ಕೊಂಡು ಹೋದೆ ಅಂತ ಹೇಳು.”

ಎರಡು ಹೆಜ್ಜೆ ಇಟ್ಟಿದ್ದರೆ ಮುಗಿಯುತ್ತಿತ್ತು. ಮೆಹರುನ್ನೀಸಾ ಇಡಲಿಲ್ಲ. ಮುನಿಸೇನೂ ಆಗ ಉಳಿದಿರಲಿಲ್ಲ. ಈಗ ಹೊರಗೆ ಹೋದರೆ ಅಡಗಿ ನಿಂತದ್ದು ಗೊತ್ತಾಗುತ್ತದಲ್ಲ ಎಂಬ ನಾಚಿಕೆ ಕಾಲು ಕಟ್ಟಿಹಾಕಿತು. ಅಕ್ಕ ಮೆಟ್ಟಿಲಿಳಿದು ಹೋದ ಸದ್ದು ನಿಂತ ಮೇಲೆ ಪರದೆ ಸರಿಸಿ ಬಂದಳು. ಮಿಷನ್ನಿನ ಲೈಟು ಆರಿತ್ತು. ಫಹ್ಮಿದಾ ಆರಿಸಿರಬೇಕು ಎಂದುಕೊಂಡಳು. ಫಹ್ಮಿದಾ ತಾಯಿಯ ಮುಖ ನೋಡದೆ, ಹಜ್ಜಿಗೆ ಹೋಗುವವರ ಹತ್ತಿರ ಸುಳ್ಳು ಹೇಳಿಸಿದೆಯಲ್ಲ ಅಮ್ಮಿ ಎಂದಷ್ಟೇ ಹೇಳಿ ಒಳಗೆ ಹೋದಳು. ಆ ಮಾತು ಮುಳ್ಳಿನಂತೆ ಉಳಿಯಿತು.

ಆಮೇಲಿನ ದಿನಗಳಲ್ಲಿ ಮೆಹರುನ್ನೀಸಾ ನಮಾಜಿಗೆ ಕೂತರೂ ಮನಸ್ಸು ಪರದೆಯ ಹಿಂದೆಯೇ ಇರುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗಲ್ಲಿಯಲ್ಲಿ ಯಾರಾದರೂ ಸುಮ್ಮನೆ, ನಿಮ್ಮ ಅಕ್ಕ ಹಜ್ಜಿಗೆ ಹೋದರಂತಲ್ಲ ಎಂದರೂ ಸಾಕು, ಅವಳು ಅಂದು ತಾನು ಎಲ್ಲಿಗೆ ಹೋಗಿದ್ದೆ, ಯಾಕೆ ಸಿಗಲಿಲ್ಲ ಎಂದು ಕೇಳದಿದ್ದರೂ ವಿವರಿಸುತ್ತಿದ್ದಳು. ಒಬ್ಬರಿಗೆ ದಾರದಂಗಡಿ, ಇನ್ನೊಬ್ಬರಿಗೆ ಆಸ್ಪತ್ರೆ. ಹಮೀದಾಳಿಗೆ ಅಲ್ಲಿ ಹುಷಾರಿಲ್ಲವೆಂದು ಒಮ್ಮೆ ಸುದ್ದಿ ಬಂದಾಗ ಅನ್ನ ಬಿಟ್ಟಳು. ಕ್ಷಮೆ ಕೇಳಿ ಸಿಗದೆ ಹೋದವಳು ಅಲ್ಲೇ ಕಣ್ಣುಮುಚ್ಚಿದರೆ ಆ ಭಾರ ಯಾರ ತಲೆಯ ಮೇಲೆ? ಯಾರೊಡನೆಯೂ ಇದನ್ನು ಹೇಳಿಕೊಳ್ಳಲಿಲ್ಲ.

ಹಾಜಿಗಳು ಭಾನುವಾರ ಬರುತ್ತಾರೆಂದು ಗೊತ್ತಾಯಿತು. ವಿಮಾನ ನಿಲ್ದಾಣಕ್ಕೆ ಹೋಗಿ ಹಾಜಿಗಳನ್ನು ಕರೆತರುವುದು ಬರೀ ಸಾಮಾನು ಹೊರುವ ಕೆಲಸವಲ್ಲ. ಹಾಜಿ ತನ್ನ ಮನೆಯ ಹೊಸ್ತಿಲು ದಾಟುವ ಮೊದಲು ಯಾರಿಗಾಗಿ ದುಆ ಮಾಡಿದರೂ ಆ ಪ್ರಾರ್ಥನೆ ಖಾಲಿ ಹೋಗುವುದಿಲ್ಲ ಎಂದು ನಂಬಿಕೆ. ಅದಕ್ಕೇ ಇಡೀ ಬಳಗ ಹಾರ ಹಿಡಿದು ದೇವನಹಳ್ಳಿಯ ತನಕ ಓಡುತ್ತದೆ. ಹೊಸ್ತಿಲು ದಾಟಿದರೋ, ಆ ಗಳಿಗೆ ಹೋಯಿತು. ಇಷ್ಟು ಜನ ಹೋಗಿ ಬರಲು ಬಳಗದಲ್ಲಿ ಇದ್ದ ದೊಡ್ಡ ಗಾಡಿ ಎಂದರೆ ಮೆಹರುನ್ನೀಸಾಳ ಗಂಡ ಜಬ್ಬಾರ್ ಪಾಷಾ ಓಡಿಸುವ ಹಳದಿ ಸ್ಕೂಲ್ ವ್ಯಾನು. ಮುಜೀಬ ಫೋನು ಮಾಡಿ, ಚಿಕ್ಕಪ್ಪ, ನೀವೇ ಬರಬೇಕು, ಖಾಲಾನೂ ಬರಲಿ ಎಂದ.

ಮೆಹರುನ್ನೀಸಾಳಿಗೆ ಹೋಗಬೇಕು ಎಂದು ಜೀವ ಹೊಡೆದುಕೊಳ್ಳುತ್ತಿತ್ತು. ಆದರೆ ಬಾಯಿಗೆ ಹಳೆಯ ಅಭ್ಯಾಸ.

“ಅವರ ಮಗನಿಗೆ ನಮ್ಮ ಮಗಳು ಬೇಡ, ನಮ್ಮ ವ್ಯಾನ್ ಬೇಕು. ನಾನು ಬರಲ್ಲ ರೀ. ನೀವೂ ಹೋಗ್ಬೇಡಿ.”

ಜಬ್ಬಾರ್ ಪಾಷಾ ಜಗಳಕ್ಕೆ ಬಾರದ ಮನುಷ್ಯ. ಶಾಲೆಯ ಮಕ್ಕಳ ಗದ್ದಲದಲ್ಲಿ ವರ್ಷಗಟ್ಟಲೆ ಗಾಡಿ ಓಡಿಸಿ ಅವನಿಗೆ ಕಿವಿ ಮುಚ್ಚಿಕೊಳ್ಳುವ ವಿದ್ಯೆ ಒಲಿದಿದೆ. ಮುನಿಸು ನಿನಗಿದೆ, ವ್ಯಾನಿಗಿಲ್ಲ ಎಂದು ಹೇಳಿ ಭಾನುವಾರ ಬೆಳಿಗ್ಗೆ ಗಾಡಿ ತೊಳೆದು, ಮಗಳನ್ನು ಕೂರಿಸಿಕೊಂಡು ಹೊರಟ. ಹೊರಡುವ ಮುನ್ನ ಮೆಟ್ಟಿಲ ಕೆಳಗೆ ಗಾಡಿ ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆದ. ಮೆಹರುನ್ನೀಸಾ ಮಿಷನ್ನಿನ ಮುಂದೆ ಕೂತು, ಇನ್ನೊಂದು ಸಲ ಹೊಡೆದರೆ ಹೋಗುತ್ತೇನೆ ಎಂದುಕೊಂಡಳು. ಮೂರನೆಯ ಹಾರ್ನ್ ಬರಲಿಲ್ಲ. ವ್ಯಾನು ಹೋಯಿತು.

ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯ ಮುನಿಶಾಮಮ್ಮ ಮೆಟ್ಟಿಲು ಹತ್ತಿ ಬಂದಳು. ರಸೆಲ್ ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರದವಳು. ಕೈಯಲ್ಲೊಂದು ಗುಲಾಬಿ ಹಾರ, ಪ್ಲಾಸ್ಟಿಕ್ ಕವರಿನಲ್ಲಿ. ಅಕ್ಕನಿಗೆ ಹಾಕಲೆಂದು ತಾನೇ ಕಟ್ಟಿಟ್ಟಿದ್ದೆ, ವ್ಯಾನು ಹೋಗೇಬಿಟ್ಟಿತಲ್ಲ, ನೀವು ಯಾಕೆ ಹೋಗಲಿಲ್ಲ ಎಂದು ಕೇಳಿದಳು. ಮೆಹರುನ್ನೀಸಾ ತಲೆನೋವು ಎಂದಳು. ಮುನಿಶಾಮಮ್ಮ ಹಾರವನ್ನು ಮಿಷನ್ನಿನ ಮೇಲಿಟ್ಟು, ಉಸ್ಸಪ್ಪ ಎಂದು ಕೂತು, ತನ್ನ ಪಾಡಿಗೆ ಹೇಳತೊಡಗಿದಳು.

“ಅವತ್ತು ನಿಮ್ಮಕ್ಕ ಇಳಿದು ಬಂದವ್ರು ನಮ್ಮನೆ ಮೆಟ್ಲ ಮೇಲೆ ಬಾಳ ಹೊತ್ತು ಕೂತಿದ್ರು ಮೆಹರಕ್ಕ. ಕಣ್ಣೆಲ್ಲ ನೀರು. ನಾನಂದೆ, ಮೆಹರಕ್ಕ ಮೇಲೇ ಅವ್ರಲ್ಲ, ಈಗ್ತಾನೆ ಕಿಟಕೀಲಿ ನೋಡ್ದೆ ಅಂತ. ಅದಕ್ಕೆ ಅವ್ರು, ಇಲ್ಲ ಮುನಿಶಾಮಮ್ಮ, ಅವಳು ಮನೇಲಿಲ್ಲ, ನೀನು ಯಾರನ್ನೋ ನೋಡಿರ್ಬೇಕು ಅಂದ್ರು. ಇರ್ಬೋದು ಬುಡಿ, ನಂಗೂ ಕಣ್ಣು ಮಂಜು.”

ಮೆಹರುನ್ನೀಸಾ ಮಿಷನ್ನಿನ ಲೈಟನ್ನೇ ನೋಡುತ್ತ ಕೂತಳು. ಅಂದು ಸೂಜಿಯಡಿಯಲ್ಲಿ ಸೀರೆ ಹಾಗೇ ಇತ್ತು, ಲೈಟು ಉರಿಯುತ್ತಿತ್ತು. ಅಕ್ಕ ಎಲ್ಲವನ್ನೂ ನೋಡಿದ್ದಾಳೆ. ತಂಗಿ ಅಡಗಿದ್ದಾಳೆಂದು ತಿಳಿದು, ಯಾರ ಕಣ್ಣಿಗೂ ಬೀಳದಿರಲೆಂದು ತಾನೇ ಲೈಟು ಆರಿಸಿ ಹೋಗಿದ್ದಾಳೆ. ಕೆಳಗಿನ ಮನೆಯವರ ಮುಂದೆಯೂ ತಂಗಿಯ ಸುಳ್ಳನ್ನು ಕಾಪಾಡಿದ್ದಾಳೆ. ಮೆಹರುನ್ನೀಸಾಳಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಬುರ್ಖಾ ಹಾಕಿಕೊಂಡು, ಹಾರದ ಕವರು ಎತ್ತಿಕೊಂಡು, ಮುನಿಶಾಮಮ್ಮ ನೋಡುತ್ತಿದ್ದಂತೆ ಮೆಟ್ಟಿಲಿಳಿದಳು. ಏರ್‌ಪೋರ್ಟ್ ಬಸ್ಸು ಎಲ್ಲಿ ಬರುತ್ತದೆಂದು ಕೂಗಿ ಕೇಳಿದಳಷ್ಟೇ. ಫೋನು ಮಿಷನ್ನಿನ ಪಕ್ಕದಲ್ಲೇ ಉಳಿಯಿತು. ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು. ಒಳ್ಳೆಯದೇ ಆಯಿತು ಎಂದುಕೊಂಡಳು. ಫೋನಿದ್ದರೆ ಗಂಡನಿಗೆ ಹೇಳಬೇಕು, ನಾನೂ ಬರುತ್ತಿದ್ದೇನೆ ಎನ್ನಬೇಕು, ಅವನು ಎಲ್ಲರೆದುರು ನಗಬೇಕು. ಮೊದಲು ಹೋಗಿ ನಿಂತರಾಯಿತು, ಮಾತು ಆಮೇಲೆ. ಹೆಬ್ಬಾಳದಲ್ಲಿ ಬಸ್ಸು ನಿಂತಲ್ಲೇ ನಿಂತಾಗ ಅಲ್ಲಾಹನ ಹೆಸರು ಹೇಳುತ್ತ ಕವರಿನ ಹಿಡಿಕೆಯನ್ನು ಹರಿಯುವಷ್ಟು ತಿರುಚಿದಳು.

ಅವಳು ಅದುವರೆಗೆ ವಿಮಾನ ನಿಲ್ದಾಣ ನೋಡಿದವಳಲ್ಲ. ಅಲ್ಲಿ ಟರ್ಮಿನಲ್ಲು ಎರಡಿವೆ ಎಂಬುದು ಗೊತ್ತಿರಲಿಲ್ಲ. ಜನ ಇಳಿದ ಕಡೆ ತಾನೂ ಇಳಿದು, ಹೊರಗೆ ಬರುವವರಿಗಾಗಿ ಕಾಯುವ ಕಂಬಿಯ ಹತ್ತಿರ ನಿಂತಳು. ಹೆಸರಿನ ಬೋರ್ಡು ಹಿಡಿದ ಡ್ರೈವರುಗಳಿದ್ದರು, ಬಲೂನು ಹಿಡಿದ ಕಾಲೇಜು ಹುಡುಗಿಯರಿದ್ದರು. ಟೋಪಿ ಹಾಕಿದವರು, ಹಾರ ಹಿಡಿದವರು ಒಬ್ಬರೂ ಕಾಣಲಿಲ್ಲ. ವಿಮಾನ ತಡವಾಗಿರಬೇಕು, ನಾನೇ ಎಲ್ಲರಿಗಿಂತ ಮೊದಲು ಬಂದೆ ಎಂದು ಒಳಗೊಳಗೇ ಹಿಗ್ಗಿದಳು. ಯಾರನ್ನಾದರೂ ಕೇಳುವುದಕ್ಕೂ ಸಂಕೋಚ. ಕೇಳಿದರೆ, ನಿಮ್ಮವರು ಯಾರೂ ಜೊತೆಗೆ ಬಂದಿಲ್ಲವೇ ಎನ್ನುತ್ತಾರೆ. ಕೊನೆಗೆ ಸೆಕ್ಯೂರಿಟಿಯವನೇ ಹಾರ ನೋಡಿ ಹತ್ತಿರ ಬಂದು, ಹಾಜಿಗಳಾ ಅಮ್ಮ, ಅವರು ಆಚೆ ಟರ್ಮಿನಲ್ಲಿಗೆ ಬರ್ತಾರೆ, ಬಸ್ಸಿದೆ ಹೋಗಿ ಎಂದ.

ಅವಳು ಆಚೆ ಟರ್ಮಿನಲ್ಲಿಗೆ ಮುಟ್ಟುವ ಹೊತ್ತಿಗೆ ಅಲ್ಲಿ ಹಾಜಿಗಳಿರಲಿಲ್ಲ. ಕಂಬಿಯ ಉದ್ದಕ್ಕೂ ಗುಲಾಬಿ ದಳಗಳು ಬಿದ್ದಿದ್ದವು. ಒಬ್ಬ ಹೆಂಗಸು ಅವನ್ನು ಗುಡಿಸಿ ಒಂದು ಕಡೆ ರಾಶಿ ಮಾಡುತ್ತಿದ್ದಳು. ಹೋಗಿ ತುಂಬ ಹೊತ್ತಾಯಿತು ಎಂದು ಅವಳೇ ಹೇಳಿದಳು.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಸಮಾಧಾನದಲ್ಲಿ ಬಂದೀತೇ? ವಾಪಸು ಬರುವ ಬಸ್ಸಿನಲ್ಲಿ ಮೆಹರುನ್ನೀಸಾ ಕಿಟಕಿಯ ಕಡೆ ತಿರುಗಿ, ಯಾರಿಗೂ ಕಾಣದಂತೆ ಅತ್ತಳು. ಅಕ್ಕ ಇಷ್ಟರಲ್ಲಿ ಹೊಸ್ತಿಲು ದಾಟಿರುತ್ತಾಳೆ. ಬಂದವರೆಲ್ಲ ತಮತಮಗೆ ಬೇಕಾದ್ದನ್ನು ಕೇಳಿಕೊಂಡಿರುತ್ತಾರೆ. ಆ ಕೋಲಾರದ ಹುಡುಗಿಯೂ ಕೇಳಿಕೊಂಡಿರುತ್ತಾಳೆ. ಒಡಹುಟ್ಟಿದವಳು ಮಾತ್ರ ಇಲ್ಲ. ಹೋಗುವಾಗಲೂ ಸಿಗಲಿಲ್ಲ, ಬರುವಾಗಲೂ ಸಿಗಲಿಲ್ಲ ಎಂದು ಬಳಗ ಬಾಯಿಗೊಂದು ಮಾತಾಡುತ್ತಿರುತ್ತದೆ. ಆಡಲಿ ಎಂದುಕೊಂಡಳು. ಅವರು ಏನೆಂದರೂ ತಾನು ಮಾಡಿದ್ದಕ್ಕಿಂತ ಕಡಿಮೆಯೇ.

ಶಿವಾಜಿನಗರದಲ್ಲಿ ಇಳಿದವಳ ಕಾಲು ಮನೆಯ ಕಡೆ ತಿರುಗಲಿಲ್ಲ. ಆಟೋ ಹಿಡಿದು ಹಲಸೂರಿಗೆ ಹೋದಳು. ಒಳಗೆ ಹೋಗುವ ಧೈರ್ಯವೇನೂ ಇರಲಿಲ್ಲ. ಬೀದಿಯ ತುದಿಯಲ್ಲಿ ನಿಂತು, ಅಕ್ಕ ಚೆನ್ನಾಗಿ ಬಂದು ಸೇರಿದ್ದಾಳೆಂದು ಮನೆಯ ಬಾಗಿಲನ್ನಾದರೂ ನೋಡಿ ಹೊರಟುಬಿಡೋಣ ಎಂದಷ್ಟೇ ಇದ್ದದ್ದು.

ತಿರುವಿನಲ್ಲಿ ಇಣುಕಿದರೆ ಬೀದಿಯ ತುಂಬ ಜನ. ಹಳದಿ ವ್ಯಾನು ಅಡ್ಡ ನಿಂತಿದೆ, ಸೂಟ್‌ಕೇಸುಗಳೂ ಮೆಕ್ಕಾದಿಂದ ತಂದ ಜಮ್‌ಜಮ್ ನೀರಿನ ಡಬ್ಬಗಳೂ ಗೋಡೆಗೆ ಒರಗಿವೆ, ಮಕ್ಕಳು ಹಸಿದು ರಂಪ ಮಾಡುತ್ತಿವೆ. ಯಾರೂ ಒಳಗೆ ಹೋಗಿಲ್ಲ. ಮನೆಯ ಮುಂದೆ ಜನ ಹೀಗೆ ನಿಲ್ಲುವುದು ಸಾವಾದಾಗ. ಮೆಹರುನ್ನೀಸಾ ಹಾರದ ಕವರು ಎದೆಗವಚಿಕೊಂಡು ಓಡಿದಳು.

ಜನರ ನಡುವೆ, ಬಾಗಿಲಿಗೆ ಎರಡು ಮಾರು ಈಚೆ, ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹಮೀದಾ ಕೂತಿದ್ದಳು. ಮುಖ ಕಪ್ಪಿಟ್ಟಿತ್ತು, ಪಾದಗಳು ಊದಿಕೊಂಡಿದ್ದವು. ಸೊಸೆ ಉಮ್ಮೆ ಕುಲ್ಸುಂ ನೆಲದ ಮೇಲೆ ಕೂತು ಅವಳ ಕಾಲು ಒತ್ತುತ್ತಿದ್ದಳು. ಜಬ್ಬಾರ್ ಪಾಷಾ ಹೆಂಡತಿಯನ್ನು ಕಂಡು ಎದ್ದು ಬಂದ. ಅವನ ದನಿ ಎಂದಿನಂತೆ ಮೆತ್ತಗಿತ್ತು. ಬರುವ ದಾರಿಯಲ್ಲಿ ನಿನ್ನನ್ನು ಕರೆತರಲು ಮನೆಗೆ ಹೋಗಿದ್ದೆ, ನೀನಿರಲಿಲ್ಲ, ನೀನು ಏರ್‌ಪೋರ್ಟಿಗೆ ಹೋದೆ ಎಂದು ಮುನಿಶಾಮಮ್ಮ ಹೇಳಿದಳು ಎಂದ. ಅದನ್ನು ಕೇಳಿದ ಮೇಲೆ ನಿಮ್ಮ ಅಕ್ಕ ಈ ಕುರ್ಚಿ ಬಿಟ್ಟು ಎದ್ದಿಲ್ಲ. ನನ್ನನ್ನು ಕರೆದುಕೊಂಡು ಬರಲು ಹೋದವಳು ಬರದೆ ನಾನು ಹೊಸ್ತಿಲು ದಾಟುವುದಿಲ್ಲ ಎಂದು ಕೂತಿದ್ದಾರೆ. ಅವರು ಹೋಗದೆ ಉಳಿದವರು ಹೇಗೆ ಹೋಗುವುದು ಎಂದೂ ಕೇಳಿದ.

ಅಷ್ಟೂ ಜನ, ಅಷ್ಟು ದೂರದಿಂದ ಬಂದ ಇಬ್ಬರು ಮುದುಕರು, ಹಸಿದ ಮಕ್ಕಳು, ಎಲ್ಲರೂ ಬೀದಿಯಲ್ಲಿ ನಿಂತಿರುವುದು ತನ್ನಿಂದ. ಮೆಹರುನ್ನೀಸಾಳಿಗೆ ತಲೆ ಎತ್ತಲಾಗಲಿಲ್ಲ. ಹಾರ ಹಾಕಲು ಬಗ್ಗಿದಳು. ಹಾರ ಅಕ್ಕನ ದುಪಟ್ಟಾಕ್ಕೆ ಸಿಕ್ಕಿಕೊಂಡಿತು. ಹಮೀದಾ ತಾನೇ ಅದನ್ನು ಬಿಡಿಸಿ ಕೊರಳಿಗೆ ಹಾಕಿಕೊಂಡಳು. ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದಳು.

“ಹೋಗೋವಾಗ ನಿನ್ನ ಹತ್ರ ಮಾಫಿ ಕೇಳೋಕೆ ಬಂದಿದ್ದೆ ಮೆಹರೂ. ನೀನು ಮನೇಲಿರ್ಲಿಲ್ಲ.”

ದಾರಿ ಅಲ್ಲೇ ಇತ್ತು. ಹೌದು ಆಪಾ, ಹೊರಗೆ ಹೋಗಿದ್ದೆ ಎಂದರೆ ಮುಗಿಯಿತು. ಅಕ್ಕ ಅದನ್ನೇ ಕೈಯಲ್ಲಿಟ್ಟು ಕೊಡುತ್ತಿದ್ದಾಳೆ. ಫಹ್ಮಿದಾ ವ್ಯಾನಿಗೆ ಒರಗಿ ನಿಂತು ತಾಯಿಯನ್ನೇ ನೋಡುತ್ತಿದ್ದಳು.

“ಇದ್ದೆ ಆಪಾ” ಎಂದಳು ಮೆಹರುನ್ನೀಸಾ. “ಅಡುಗೆಮನೆ ಪರದೆ ಹಿಂದೆ ಇದ್ದೆ. ಫಹ್ಮಿದಾ ಕೈಲಿ ಸುಳ್ಳು ಹೇಳಿಸ್ದೆ.”

ಉಮ್ಮೆ ಕುಲ್ಸುಂ ಕಾಲು ಒತ್ತುವುದನ್ನು ನಿಲ್ಲಿಸಿದಳು. ಯಾರೋ ಕೆಮ್ಮಿದರು. ಹಮೀದಾ ತಂಗಿಯ ಮುಖ ಬಿಡಲಿಲ್ಲ.

“ಅದಿರ್ಲಿ. ಮಾಫ್ ಮಾಡಿದ್ಯೋ ಇಲ್ವೋ, ಅದನ್ನ ಹೇಳು. ನಂಗೆ ಕಾಲು ನೋಯ್ತಿದೆ.”

ಹಿಂದೆ ನಿಂತವರಲ್ಲಿ ಒಂದಿಬ್ಬರು ನಕ್ಕರು. ಮೆಹರುನ್ನೀಸಾಳಿಗೆ ನಗು ಬರಲಿಲ್ಲ. ತಲೆಯಾಡಿಸಿದಳು. ಸಾಲದು, ಬಾಯಲ್ಲಿ ಹೇಳು ಎಂದಳು ಹಮೀದಾ. ಚಿಕ್ಕವಳಿದ್ದಾಗ ಪಾಠ ಒಪ್ಪಿಸುತ್ತಿದ್ದ ಹಾಗೆ, ಮಾಫ್ ಆಪಾ ಎಂದು ಮೂರು ಸಲ ಹೇಳಿದಳು. ಹೇಳಿ ನೆಲದ ಮೇಲೆ, ಉಮ್ಮೆ ಕುಲ್ಸುಂಳ ಪಕ್ಕ, ಕೂತುಬಿಟ್ಟಳು. ಆ ಹುಡುಗಿ ಸರಿದು ಜಾಗ ಬಿಟ್ಟಳು.

ಎಲ್ಲರೂ ಏನಾದರೂ ಕೇಳಿಕೊಂಡಿದ್ದಾರೆ, ನೀನೊಬ್ಬಳು ಉಳಿದಿದ್ದೀಯ, ಹೊಸ್ತಿಲು ಇನ್ನೂ ದಾಟಿಲ್ಲ, ಬೇಗ ಕೇಳು ಎಂದಳು ಹಮೀದಾ. ಮೆಹರುನ್ನೀಸಾ ಹೋಗುವಾಗ ಬಸ್ಸಿನಲ್ಲಿ ಎಲ್ಲವನ್ನೂ ಯೋಚಿಸಿಕೊಂಡಿದ್ದಳು. ಫಹ್ಮಿದಾಳಿಗೆ ಒಳ್ಳೆಯ ಸಂಬಂಧ, ಗಂಡನ ಬೆನ್ನುನೋವು, ತನಗೂ ಒಂದು ಹಜ್ಜು. ಈಗ ಅಕ್ಕನ ಊದಿದ ಪಾದಗಳನ್ನು ನೋಡಿದರೆ ಅವುಗಳಲ್ಲಿ ಒಂದನ್ನೂ ಕೇಳಲು ಬಾಯಿ ಬರಲಿಲ್ಲ.

“ಇನ್ನೊಂದ್ಸಲ ನೀವು ನಮ್ಮನೆಗೆ ಬಂದಾಗ,” ಎಂದಳು, “ಬಾಗಿಲು ನಾನೇ ತೆಗೆಯೋ ಹಾಗೆ ದುಆ ಮಾಡಿ ಆಪಾ.”

ಹಮೀದಾ ಕಣ್ಣು ಮುಚ್ಚಿ ಕೈ ಎತ್ತಿದಳು. ಹಾರದ ದಳ ಒಂದೆರಡು ಮಡಿಲಿಗೆ ಉದುರಿದವು. ತುಟಿ ಬಹಳ ಹೊತ್ತು ಆಡುತ್ತಿತ್ತು, ಏನು ಬೇಡಿದಳೆಂದು ಪಕ್ಕದಲ್ಲಿದ್ದವರಿಗೂ ಕೇಳಿಸಲಿಲ್ಲ. ಆಮೀನ್ ಎಂದು ಮುಖ ಸವರಿಕೊಂಡು, ಮಂಡಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ತಂಗಿಯತ್ತ ಚಾಚಿದಳು.

“ಈಗ ಎಬ್ಬಿಸು ನನ್ನ” ಎಂದಳು.